ಗೊಂಬೆ ಡ್ರೈವರನಿಗೆ ಬುದ್ಧಿ ಕಲಿಸಿದ್ದು

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಎಂದರೆ ನಮ್ಮ ನೆಂಟರಿಷ್ಟರ ಕಣ್ಣಿಗೆ ಬರುತ್ತಿದ್ದದ್ದು ಗಾಜಿನ ಕಟ್ಟಡ, ಹುಲ್ಲುಹಾಸು, ಕಾರಂಜಿ. ನಮ್ಮ ಆಫೀಸು ಇದ್ದದ್ದು ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿ, ಟೈಲ್ಸು ಮತ್ತು ಕಮೋಡು ಮಾರುವ ಅಂಗಡಿಯ ಮೇಲೆ. ಅಂಗಡಿಯವರು ಬಿಳಿ ಕಮೋಡುಗಳನ್ನು ಮೆಟ್ಟಿಲವರೆಗೂ ಸಾಲಾಗಿ ಜೋಡಿಸಿಡುತ್ತಿದ್ದರು. ಯಾರಾದರೂ ಫೋನು ಮಾಡಿ ದಾರಿ ಕೇಳಿದರೆ "ಕಮೋಡು ದಾಟಿ ಎಡಕ್ಕೆ ಬನ್ನಿ" ಎನ್ನುವುದನ್ನು ಬಿಟ್ಟು ಬೇರೆ ಉಪಾಯವಿರಲಿಲ್ಲ. ನಾನು ಸಿಂಗಸಂದ್ರದ ಮನೆಮಗಳು. ಕೆಲಸ ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ಕೆಲಸವೇ ಬಸ್ಸು ಹತ್ತಿ ನಮ್ಮೂರಿಗೆ ಬಂದಿತ್ತು. ಬೆಳಿಗ್ಗೆ ಅಮ್ಮ ಮಾಡಿದ ಮುದ್ದೆ ಉಂಡು ಶೇರ್ ಆಟೋ ಹತ್ತಿದರೆ ಆಫೀಸು.

ಒಂದು ಕೋಣೆಯಲ್ಲಿ ನಾವು ಮೂವರು ಕೂರುತ್ತಿದ್ದೆವು. ನಮ್ಮ ತಂಡದ ಮುಖ್ಯಸ್ಥರು, ನಮ್ಮ ಬಾಯಲ್ಲಿ ಲೀಡ್, ಬಹಳ ನಿಧಾನದ ಮನುಷ್ಯ, ಮನೆಗೆ ಬೆಂಕಿ ಬಿದ್ದರೂ ಮೊದಲು ಕನ್ನಡಕ ಒರೆಸಿಕೊಂಡು ಆಮೇಲೆ ಏಳುವವರು. ಇನ್ನೊಬ್ಬ ನನ್ನ ವಯಸ್ಸಿನವನೇ, ಶ್ರೀರಾಂಪುರದ ಹುಡುಗ, ಲೀಡನ್ನೂ ಬಿಡದೆ ಎಲ್ಲರನ್ನೂ "ಗುರು" ಎನ್ನುತ್ತಿದ್ದ. ಮೂರನೆಯವಳು ನಾನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಆಫೀಸಿನಲ್ಲೂ ಮನೆಯಲ್ಲೂ ಒಂದೇ ಅಭಿಪ್ರಾಯವಿತ್ತು. ಅದು ಸುಳ್ಳು ಎಂದು ನಾನು ಜೋರಾಗಿಯೇ ವಾದಿಸುತ್ತಿದ್ದೆ.

ನಾವು ಮಾಡುತ್ತಿದ್ದದ್ದು ಕ್ಯಾಬ್ ಕರೆಯುವ ವೆಬ್ ಅಪ್ಲಿಕೇಶನ್ನು. ಸ್ಮಾರ್ಟ್‌ಫೋನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ದೊಡ್ಡ ಕಂಪನಿಯ ಉದ್ಯೋಗಿಯೊಬ್ಬರು ಕಂಪ್ಯೂಟರಿನಲ್ಲಿ ನಮ್ಮ ಪುಟ ತೆರೆದು ಕಾರು ಬೇಕೆಂದು ಒತ್ತಿದರೆ, ನಮ್ಮ ಪ್ರೋಗ್ರಾಂ ಸ್ಟ್ಯಾಂಡಿನ ಸರದಿಯಲ್ಲಿ ಮುಂದಿರುವ ಡ್ರೈವರನ ಮೊಬೈಲಿಗೆ ಮೆಸೇಜು ಕಳಿಸಬೇಕು. ಅವನು ಬರುವುದಾದರೆ 1 ಎಂದೂ ಆಗದಿದ್ದರೆ 2 ಎಂದೂ ತಿರುಗಿ ಮೆಸೇಜು ಮಾಡಬೇಕು. ಈ ಮೆಸೇಜುಗಳೆಲ್ಲ ಹೋಗಿ ಬರುತ್ತಿದ್ದದ್ದು ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿಗೆ ತಗುಲಿಸಿದ್ದ ಒಂದು ಪುಟ್ಟ ಡಬ್ಬಿಯ ಮೂಲಕ. ಅದರ ಹೊಟ್ಟೆಯಲ್ಲಿ ಒಂದು ಸಿಮ್ ಕಾರ್ಡು, ಅಷ್ಟೆ.

ಪ್ರೋಗ್ರಾಂ ಸ್ವಲ್ಪ ಬದಲಾಯಿಸಿದಾಗಲೆಲ್ಲ ಅದು ಕೆಟ್ಟಿಲ್ಲವೆಂದು ನೋಡಿಕೊಳ್ಳಲು ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದಿಟ್ಟಿರುತ್ತೇವೆ, ಅವೇ ಯೂನಿಟ್ ಟೆಸ್ಟುಗಳು. ಮೊದಮೊದಲು ನಮ್ಮ ಟೆಸ್ಟುಗಳು ನೇರವಾಗಿ ಆ ಡಬ್ಬಿಯಿಂದಲೇ ಮೆಸೇಜು ಕಳಿಸುತ್ತಿದ್ದವು. ಡ್ರೈವರನ ನಂಬರು ಇರಬೇಕಾದ ಜಾಗದಲ್ಲಿ ಶ್ರೀರಾಂಪುರದವನು ತನ್ನ ತಲೆಗೆ ತೋಚಿದ ಒಂದು ನಂಬರು ಹಾಕಿದ್ದ. ಅದು ಯಾರದೋ ಆಗಿರಬಹುದು ಎಂಬ ಯೋಚನೆ ಅವನಿಗೆ ಬಂದಿರಲಿಲ್ಲ, ನಮಗೂ ಬಂದಿರಲಿಲ್ಲ. ಒಂದು ದಿನ ಮಧ್ಯಾಹ್ನ ಅದೇ ನಂಬರಿನವರು ಎಲ್ಲಿಂದಲೋ ವಿಚಾರಿಸಿಕೊಂಡು ಆಫೀಸಿಗೇ ಫೋನು ಮಾಡಿದರು. ಅವರು ಪುರೋಹಿತರು.

"ಯಾರಪ್ಪಾ ನೀವು? ಬೆಳಗ್ಗಿಂದ ತಕ್ಷಣ ಗೇಟಿಗೆ ಬನ್ನಿ, ತಕ್ಷಣ ಗೇಟಿಗೆ ಬನ್ನಿ ಅಂತ ಒಂದೇ ಸಮ ಬರೀತಿದೀರಿ. ಗೃಹಪ್ರವೇಶವೋ ನಾಮಕರಣವೋ ಅದನ್ನಾದ್ರೂ ಹೇಳ್ಬಾರ್ದೇ? ನಾನು ಸಾಮಾನು ಏನು ಅಂತ ಕಟ್ಕೊಂಡು ಬರ್ಲಿ?"

ಶ್ರೀರಾಂಪುರದವನು ಫೋನಿಗೇ ನಮಸ್ಕಾರ ಮಾಡಿದ. ಲೀಡ್ ಕನ್ನಡಕ ಒರೆಸಿಕೊಂಡರು. "ನೋಡ್ರೀ, ಟೆಸ್ಟು ಅನ್ನೋದು ಹೊರಗಿನ ಲೋಕವನ್ನ ಮುಟ್ಟಬಾರದು. ಡಬ್ಬಿ ಬದಲು ಸುಳ್ಳು ಡಬ್ಬಿ, ಡ್ರೈವರ್ ಬದಲು ಸುಳ್ಳು ಡ್ರೈವರ್ ಇಡೋಣ. ನಾವು ಹೇಳಿಕೊಟ್ಟ ಹಾಗೆ ಅವು ಆಡಲಿ" ಎಂದರು.

ಇದಕ್ಕೆ ಕಸುಬಿನಲ್ಲಿ ಮಾಕ್ ಎನ್ನುತ್ತಾರೆ. ನನಗೆ ಇದು ತಕ್ಷಣ ಅರ್ಥವಾಗಲು ನಮ್ಮೂರ ನಾಟಕದ ತಾಲೀಮು ಕಾರಣ. ರಾಜನ ಪಾತ್ರದವನು ತಾಲೀಮಿಗೆ ಬಾರದಿದ್ದರೆ ಹಾರ್ಮೋನಿಯಂ ಮೇಷ್ಟರೇ ಅವನ ಮಾತು ಹೇಳಿಬಿಡುತ್ತಿದ್ದರು, ಮಂತ್ರಿಯ ತಾಲೀಮು ನಿಲ್ಲುತ್ತಿರಲಿಲ್ಲ. ನಾವು ಮಾಕ್ ಎನ್ನುವುದನ್ನು ಬಿಟ್ಟು ಗೊಂಬೆ ಎಂದೇ ಕರೆದೆವು. ಗೊಂಬೆ ಡಬ್ಬಿ, ಕಾಯುವ ನಿಮಿಷಗಳನ್ನು ಕ್ಷಣದಲ್ಲಿ ಕಳೆಯುವ ಗೊಂಬೆ ಗಡಿಯಾರ, ಎಲ್ಲಕ್ಕಿಂತ ಮುಖ್ಯವಾಗಿ ಗೊಂಬೆ ಡ್ರೈವರ್.

ಆ ಗೊಂಬೆ ಡ್ರೈವರನ್ನು ನಾವು ಮೂವರೂ ಕೂತು ಬಹಳ ಪ್ರೀತಿಯಿಂದ ಕಟ್ಟಿದೆವು. ಮೆಸೇಜು ಹೋದ ಕೂಡಲೇ ಅವನು 1 ಎಂದು ಉತ್ತರಿಸುತ್ತಾನೆ. ಬೇಡವೆನಿಸಿದರೆ ಅಷ್ಟೇ ವಿನಯದಿಂದ 2 ಎನ್ನುತ್ತಾನೆ. ಐದು ನಿಮಿಷ ಏನೂ ಹೇಳದಿದ್ದರೆ ಪ್ರೋಗ್ರಾಂ ಮುಂದಿನವನನ್ನು ಕೇಳುತ್ತದೆ. ಪದೇ ಪದೇ ಹೀಗೆ ಬಾಯಿ ಬಿಡದವನನ್ನು ಸರದಿಯಿಂದಲೇ ತೆಗೆದುಹಾಕುತ್ತದೆ. ಅದಕ್ಕೂ ಟೆಸ್ಟು ಬರೆದೆವು, ಏನೂ ಬಿಟ್ಟಿಲ್ಲವೆಂದು ಬೀಗಿದೆವು. ಗೊಂಬೆಯ ಫೋನಿನ ಬ್ಯಾಟರಿ ಎಂದೂ ಇಳಿಯುತ್ತಿರಲಿಲ್ಲ. ಅವನು ಟೀ ಕುಡಿಯುತ್ತಿರಲಿಲ್ಲ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ, ಇಂಗ್ಲಿಷ್ ಮೆಸೇಜನ್ನು ಒಂದೇ ಸಲಕ್ಕೆ ಓದುತ್ತಿದ್ದ.

"ಇವನಿಗೆ ಯಾರು ಬೇಕಾದ್ರೂ ಹೆಣ್ಣು ಕೊಡ್ತಾರೆ ಕಣೇ. ನಿಮ್ಮನೇಲಿ ಕೇಳ್ಲಾ?" ಎಂದ ಶ್ರೀರಾಂಪುರದವನು.

"ಮೊದ್ಲು ನಿನಗೆ ಯಾರಾದ್ರೂ ಕೊಡ್ತಾರಾ ನೋಡ್ಕೊ" ಎಂದೆ.

ಟೆಸ್ಟು ಪಾಸಾದರೆ ಪರದೆಯ ಮೇಲೆ ಹಸಿರು ಗೆರೆ ಬರುತ್ತಿತ್ತು, ಫೇಲಾದರೆ ಕೆಂಪು. ನಮಗೆ ದಿನವಿಡೀ ಹಸಿರೋ ಹಸಿರು. ಗುಂಡಿ ಒತ್ತುವುದು, ಹಸಿರು ನೋಡುವುದು, ಖುಷಿಪಡುವುದು. ಆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ನಮ್ಮ ಅಪ್ಲಿಕೇಶನ್ನನ್ನು ಪರೀಕ್ಷೆಗೆಂದು ನಡೆಸಿ ನೋಡಲು ಒಪ್ಪಿತು. ಕಾರು ಮತ್ತು ಡ್ರೈವರುಗಳನ್ನು ಕೊಡುವವರು ಒಬ್ಬ ಟ್ರಾವೆಲ್ಸ್ ಮಾಲೀಕರು. ಅವರಿಗೆ ಡ್ರೈವರು ಸಾಲದೆ ಹುಡುಕುತ್ತಿದ್ದಾರೆಂದು ನಾನು ಮನೆಯಲ್ಲಿ ಊಟದ ನಡುವೆ ಬಾಯಿ ಬಿಟ್ಟೆ. ಅಮ್ಮ ಅಲ್ಲೇ ಹಿಡಿದರು.

"ಅಂಗಿದ್ರೆ ನಮ್ ವಠಾರದವನ್ಗೆ ಒಂದ್ ದಾರಿ ಮಾಡ್ಕೊಡೇ. ಪಾಪ, ಎಷ್ಟು ದಿನಾಂತ ಕಂಡೋರ್ ಗಾಡಿ ಓಡಿಸ್ಕೊಂಡ್ ಇರ್ತಾನೆ?"

ನಮ್ಮ ಮನೆಯ ಹಿಂದೆ ಸಾಲಾಗಿ ಬಾಡಿಗೆ ಕೋಣೆಗಳಿದ್ದವು. ಅವುಗಳಲ್ಲೊಂದರಲ್ಲಿ ಇದ್ದ ಡ್ರೈವರನ್ನು ಎಲ್ಲರೂ ಬಾಗಲಕೋಟೆಯಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬೇರೆ ಡ್ರೈವರು ರಜೆ ಹಾಕಿದ ದಿನ ಇವನನ್ನು ಕರೆಯುತ್ತಿದ್ದರು. ಕರೆದ ದಿನ ಕೆಲಸ, ಕರೆಯದ ದಿನ ಜಗಲಿ. ನಾನು ಟ್ರಾವೆಲ್ಸ್ ಮಾಲೀಕರಿಗೆ ಹೇಳಿದೆ, ಅವರು ಒಂದು ಕಾರಿನ ಬೀಗದ ಕೈ ಕೊಟ್ಟು ನೋಡೋಣವೆಂದರು. ಖಾಯಂ ಆಗುವ ಮುನ್ನವೇ ಇವನು ಊರಿಗೆ ಹೋಗಿ, ಮದುವೆಯಾದಾಗಿನಿಂದ ಅಲ್ಲೇ ಬಿಟ್ಟಿದ್ದ ಹೆಂಡತಿಯನ್ನು ಕರೆದುಕೊಂಡು ಬಂದುಬಿಟ್ಟ. ಮರುದಿನವೇ ಹಿಂದಿನ ಕೋಣೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು. ಹುಟ್ಟಿದಾಗಿನಿಂದ ಮುದ್ದೆ ಬಿಟ್ಟರೆ ಇನ್ನೊಂದಿಲ್ಲ ಎನ್ನುತ್ತಿದ್ದ ನಮ್ಮಮ್ಮ ಒಂದೇ ವಾರದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಪಕ್ಷಕ್ಕೆ ಹಾರಿದರು. ಆ ಹುಡುಗಿಯೂ ಅಮ್ಮನೂ ಒಬ್ಬರ ಮಾತು ಒಬ್ಬರಿಗೆ ಅರ್ಧ ಅರ್ಥವಾಗದಿದ್ದರೂ ಹಗಲೆಲ್ಲ ಹರಟುತ್ತಿದ್ದರು.

ಸೋಮವಾರ ಪ್ರಯೋಗ ಶುರುವಾಯಿತು. ಸಾಯಂಕಾಲ ಆ ಕಂಪನಿಯ ಗೇಟಿನ ಬಳಿ ಲ್ಯಾಪ್‌ಟಾಪ್ ಚೀಲ ಹೊತ್ತ ಒಬ್ಬ ಮೇಡಂ ಕಾರಿಗಾಗಿ ಕಾಯುತ್ತಿದ್ದರು. ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಒಂದು ಕಾರು ಬಂತು. ಅವರು ಬಾಗಿಲು ತೆಗೆಯುವಷ್ಟರಲ್ಲಿ ಹಿಂದೆಯೇ ಇನ್ನೊಂದು ಬಂದು ಹಾರ್ನು ಹೊಡೆಯಿತು. ಅದರ ಹಿಂದೆ ಮೂರನೆಯದು. ಮೂವರು ಡ್ರೈವರುಗಳೂ ಇಳಿದು "ಈ ಮೇಡಂ ನನ್ನ ಟ್ರಿಪ್ಪು" ಎಂದು ಜಗಳಕ್ಕೆ ನಿಂತರು. ಸೆಕ್ಯುರಿಟಿಯವನು ಸೀಟಿ ಊದಿದ್ದೇ ಊದಿದ್ದು. ಮೇಡಂ ಒಂದು ನಿಮಿಷ ನೋಡಿದರು, ಆಮೇಲೆ ರಸ್ತೆ ದಾಟಿ ಬಸ್ಸು ಹತ್ತಿದರು.

ನಮ್ಮ ಪರದೆಯ ಮೇಲೆ ಮಾತ್ರ, ಮೂವರು ಡ್ರೈವರುಗಳಲ್ಲಿ ಒಬ್ಬನೂ ಉತ್ತರ ಕೊಟ್ಟಿಲ್ಲವೆಂದು ತೋರಿಸುತ್ತಿತ್ತು.

ಮಂಗಳವಾರವೂ ಅದೇ ಕಥೆ, ಬುಧವಾರವೂ ಅದೇ. ಪ್ರೋಗ್ರಾಂ ಒಬ್ಬನನ್ನು ಕೇಳುತ್ತದೆ, ಉತ್ತರ ಬರಲಿಲ್ಲವೆಂದು ಎರಡನೆಯವನನ್ನು ಕೇಳುತ್ತದೆ, ಆಮೇಲೆ ಮೂರನೆಯವನನ್ನು. ಕೇಳಿಸಿಕೊಂಡವರೆಲ್ಲ ಕಾರು ತಂದು ನಿಲ್ಲಿಸುತ್ತಾರೆ. ಗುರುವಾರದ ಹೊತ್ತಿಗೆ ನಾವೇ ಬರೆದಿದ್ದ ನಿಯಮ ಕೆಲಸ ಶುರುಮಾಡಿತು. ಪದೇ ಪದೇ ಉತ್ತರ ಕೊಡದವನನ್ನು ಸರದಿಯಿಂದ ತೆಗೆಯಬೇಕಲ್ಲ, ಮೊದಲು ತೆಗೆದದ್ದು ಬಾಗಲಕೋಟೆಯಣ್ಣನನ್ನು. ಕಾರಣವೂ ಸರಳ. ಎಲ್ಲರಿಗಿಂತ ಮುಂಚೆ ಸ್ಟ್ಯಾಂಡಿಗೆ ಬಂದು ಸರದಿಯಲ್ಲಿ ಮೊದಲು ನಿಲ್ಲುತ್ತಿದ್ದವನು ಅವನೇ, ಹಾಗಾಗಿ ಪ್ರೋಗ್ರಾಂ ಅವನನ್ನೇ ಹೆಚ್ಚು ಸಲ ಕೇಳಿತ್ತು.

ಟ್ರಾವೆಲ್ಸ್ ಮಾಲೀಕರು ಅವನಿಗೆ ಹೇಳಿಬಿಟ್ಟರು: "ಕಂಪ್ಯೂಟರೇ ಹೇಳ್ತಿದೆ, ನೀನು ಕರೆದ್ರೆ ಓಗೊಡಲ್ಲ ಅಂತ. ಸೋಮವಾರದಿಂದ ಈ ಗಾಡಿ ಬೇರೆಯವನಿಗೆ."

ಆ ಸಂಜೆ ನಾನು ಮನೆಗೆ ಕಾಲಿಡುವ ಮೊದಲೇ ಸುದ್ದಿ ಕಾಲಿಟ್ಟಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದರು.

"ಏನೇ ಇದು? ಕೆಲ್ಸ ಕೊಡ್ಸೋಳೂ ನೀನೇ, ಕಿತ್ಕೊಳ್ಳೋಳೂ ನೀನೇನಾ? ಆವಯ್ಯ ಎಂಡ್ತೀನ ಕರ್ಕೊಂಡ್ ಬಂದು ಇನ್ನೂ ಒಂದ್ ತಿಂಗ್ಳಾಗಿಲ್ಲ. ಊರಿಗೇ ಓಗ್ಬಿಡ್ತೀವಿ ಅಂತ ಅವ್ಳು ಅಳ್ತಾವ್ಳೆ. ನಿನ್ ಕಂಪ್ಯೂಟರ್ಗೆ ಒಟ್ಟೆ ಅಂತ ಒಂದ್ ಐತಾ? ಬ್ಯಾರೇರ್ ಒಟ್ಟೆ ಅದ್ಕೇನ್ ಗೊತ್ತಾದದು?"

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ನನ್ನ ಟೆಸ್ಟುಗಳೆಲ್ಲ ಹಸಿರಾಗಿರುವಾಗ ತಪ್ಪು ನನ್ನದು ಹೇಗಾಗುತ್ತದೆ? ನೇರವಾಗಿ ಹಿಂದಿನ ಕೋಣೆಗೆ ಹೋದೆ. ಅವನು ಹೊಸ್ತಿಲ ಮೇಲೆ ಕೂತಿದ್ದ.

"ಯಾಕಣ್ಣಾ, ಮೆಸೇಜ್ ಬಂದ್ರೆ ಉತ್ತರ ಕೊಡ್ಬೇಕು ಅಂತ ಹೇಳಿರ್ಲಿಲ್ವಾ?"

"ಕೊಟ್ಟೀನಲ್ರಿ ಅಕ್ಕಾರ! ಒಂದ್ ಸಲಾನೂ ಬಿಟ್ಟಿಲ್ರಿ. ಬೇಕಾದ್ರ ದೇವರಾಣಿ ಮಾಡ್ತೀನಿ."

"ಎಲ್ಲಿ, ಫೋನ್ ಕೊಡು."

ಕೊಟ್ಟ. ಕಳಿಸಿದ ಮೆಸೇಜುಗಳ ಜಾಗ ತೆಗೆದು ನೋಡಿದೆ. ಖಾಲಿ.

"ಇಲ್ಲಿ ಒಂದೂ ಇಲ್ವಲ್ಲ?"

"ಅಲ್ಲಿ ಹೆಂಗ ಇರತೈತ್ರಿ?" ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಸುಳ್ಳು ಸಿಕ್ಕಿಬಿದ್ದಾಗ ಎಲ್ಲರೂ ಹೀಗೇ ನೋಡುತ್ತಾರೆಂದುಕೊಂಡು ನಾನು ದಡದಡ ಹೊರಟುಬಂದೆ. ಅರ್ಧ ಗಂಟೆ ಕಳೆದಿರಲಿಲ್ಲ, ಅವನ ಹೆಂಡತಿ ಕಣ್ಣೊರೆಸಿಕೊಂಡು ಬಂದು ಎಂದಿನಂತೆ ಬಿಸಿ ರೊಟ್ಟಿ ಕೊಟ್ಟು ಹೋದಳು. ಅವಳು ಬೈದಿದ್ದರೆ ವಾಸಿಯಿತ್ತು. ಅಮ್ಮ ತಿಂದರು, ನಾನು ತಟ್ಟೆ ಸರಿಸಿ ಎದ್ದೆ.

ಶುಕ್ರವಾರ ಆಫೀಸಿನಲ್ಲಿ ಮತ್ತೆ ಎಲ್ಲ ಟೆಸ್ಟುಗಳನ್ನೂ ಓಡಿಸಿದೆವು. ಹಸಿರು. ಇನ್ನೊಮ್ಮೆ ಓಡಿಸಿದೆವು. ಇನ್ನೂ ಹಸಿರು. ಅಷ್ಟು ದಿನ ಕಣ್ಣಿಗೆ ತಂಪಾಗಿದ್ದ ಬಣ್ಣ ಆವತ್ತು ಮೈ ಉರಿಸಿತು.

"ಗೊಂಬೆ ಪಾಸು, ಮನುಷ್ಯರೆಲ್ಲ ಫೇಲು. ಎಂಥಾ ಪರೀಕ್ಷೆ ಗುರು ಇದು?" ಎಂದ ಶ್ರೀರಾಂಪುರದವನು. ಆಮೇಲೆ ಸ್ವಲ್ಪ ಯೋಚಿಸಿ, "ಸಿಮ್ಮಿನಲ್ಲಿ ಮೆಸೇಜ್ ತುಂಬಿ ಹೋಗಿ ಹೊಸದು ಒಳಗೆ ಬರ್ತಿಲ್ವೇನೋ. ತೆಗೆದು ನನ್ನ ಫೋನಿಗೆ ಹಾಕಿ ನೋಡ್ತೀನಿ" ಎಂದ.

ಲೀಡ್ ತಲೆಯಾಡಿಸಿದರು. ಡಬ್ಬಿಯ ಹೊಟ್ಟೆ ಬಿಚ್ಚಿ ಸಿಮ್ ತೆಗೆದು ಅವನ ಫೋನಿಗೆ ಹಾಕಿದೆವು. ಮೆಸೇಜು ತುಂಬಿರಲಿಲ್ಲ. ಸರಿ, ಒಂದು ಮೆಸೇಜು ಕಳಿಸಿ ನೋಡೋಣವೆಂದು ಆ ಫೋನಿನಿಂದಲೇ ಸ್ಟ್ಯಾಂಡಿನಲ್ಲಿದ್ದ ಒಬ್ಬ ಡ್ರೈವರನಿಗೆ ಗೇಟಿಗೆ ಬರುವಂತೆ ಬರೆದೆವು. ಫೋನನ್ನು ಮೇಜಿನ ನಡುವೆ ಇಟ್ಟು ಮೂವರೂ ಅದನ್ನೇ ನೋಡುತ್ತ ಕೂತೆವು.

ಫೋನು ಟ್ರಿಣ್ ಎಂದು ಒಂದು ಸಲ ಹೊಡೆದುಕೊಂಡು ಸುಮ್ಮನಾಯಿತು.

ಇನ್ನೊಬ್ಬನಿಗೆ ಕಳಿಸಿದೆವು. ಟ್ರಿಣ್, ಸುಮ್ಮನೆ. ಮತ್ತೊಬ್ಬನಿಗೆ. ಟ್ರಿಣ್.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಮಿಸ್ಡ್ ಕಾಲ್ ಕಣೇ!" ಎಂದು ಶ್ರೀರಾಂಪುರದವನು ಮೇಜು ಗುದ್ದಿದ. ಟ್ರಾವೆಲ್ಸಿನವರು ಡ್ರೈವರುಗಳಿಗೆ ಹೇಳಿದ್ದು "ಮೆಸೇಜ್ ಬಂದ್ರೆ ಉತ್ತರ ಕೊಡ್ರಪ್ಪ" ಎಂದಷ್ಟೆ. ಅವರು ಕೊಟ್ಟಿದ್ದರು. ಬರುತ್ತೇನೆ ಎನ್ನುವುದಕ್ಕೆ ಯಾರಾದರೂ ಕಾಸು ಕೊಟ್ಟು ಮೆಸೇಜು ಮಾಡುತ್ತಾರೆಯೇ? ಒಂದು ಮಿಸ್ಡ್ ಕಾಲ್ ಸಾಲದೇ? ನಮ್ಮ ಡಬ್ಬಿಗೆ ಮೆಸೇಜು ಓದಲು ಬರುತ್ತಿತ್ತು, ಫೋನು ಹೊಡೆದುಕೊಂಡರೆ ಅದು ಅತ್ತಿತ್ತ ನೋಡುತ್ತಲೂ ಇರಲಿಲ್ಲ.

ಇದು ನಮಗೆ ಹೊಳೆಯದೆ ಹೋದದ್ದೇ ಆಶ್ಚರ್ಯ. ಕೆಳಗಿನ ಟೀ ಅಂಗಡಿಗೆ ನಾವು ದಿನಾ ಹೇಳಿಕಳಿಸುತ್ತಿದ್ದದ್ದು ಮಿಸ್ಡ್ ಕಾಲಿನಲ್ಲೇ, ಒಂದು ಕೊಟ್ಟರೆ ಮೂರು ಟೀ, ಎರಡು ಕೊಟ್ಟರೆ ಟೀ ಜೊತೆಗೆ ಬನ್ನು. ಆಫೀಸು ಮುಟ್ಟಿದ ಮೇಲೆ ನಾನು ಅಮ್ಮನಿಗೆ ಕೊಡುತ್ತಿದ್ದದ್ದೂ ಮಿಸ್ಡ್ ಕಾಲೇ. ಲೀಡ್ ಮನೆಗೆ ಹೊರಡುವಾಗ ಹೆಂಡತಿಗೆ ಒಂದು ಕೊಟ್ಟು ಅನ್ನಕ್ಕಿಡಿಸುತ್ತಿದ್ದರು. ಹೀಗೆ ಬದುಕುತ್ತಿದ್ದ ಮೂವರು ಸೇರಿ ಡ್ರೈವರನ ಗೊಂಬೆ ಕಟ್ಟುವಾಗ ಮಾತ್ರ ಎಲ್ಲಿಯೋ ಪುಸ್ತಕದಿಂದ ಎದ್ದು ಬಂದ ಮನುಷ್ಯನನ್ನು ಕಟ್ಟಿದ್ದೆವು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ, ಹಿಂದಿನ ಸಂಜೆ ಖಾಲಿ ಮೆಸೇಜು ಪೆಟ್ಟಿಗೆ ತೋರಿಸಿ ಗದರಿದ್ದು ನೆನಪಾಗಿ ನಗು ಅಲ್ಲೇ ಇಂಗಿತು.

ಲೀಡ್ ಟ್ರಾವೆಲ್ಸ್ ಮಾಲೀಕರಿಗೆ ಫೋನು ಮಾಡಿ ವಿಷಯ ಹೇಳಿದರು. ಮಾಲೀಕರು ಡ್ರೈವರುಗಳಿಗೇ ಮೆಸೇಜು ಕಲಿಸೋಣವೆಂದರು. ನಾನು ಫೋನು ಕಸಿದುಕೊಳ್ಳದೇ ಇದ್ದದ್ದೇ ಹೆಚ್ಚು.

"ಸಾರ್, ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಅವ್ರು ಸರಿಯಾಗೇ ಉತ್ತರ ಕೊಟ್ಟಿದಾರೆ, ನಮ್ಮ ಡಬ್ಬೀನೇ ಕಲೀಬೇಕು" ಎಂದು ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಆ ಕಡೆಯಿಂದ ಮಾಲೀಕರ ತೀರ್ಪು ಬಂತು: "ಸರಿ, ಸೋಮವಾರ ಸಾಯಂಕಾಲ ಒಂದು ಚಾನ್ಸ್ ಕೊಡ್ತೀನಿ. ಆ ಬಾಗಲಕೋಟೆಯವನನ್ನೇ ಮೊದಲು ನಿಲ್ಲಿಸಿ. ಮತ್ತೆ ಮೂರು ಗಾಡಿ ಬಂತೋ, ನಿಮ್ಮ ಡಬ್ಬೀನೂ ಬೇಡ, ಅವನೂ ಬೇಡ."

ನಾನು ತಕ್ಷಣ ಪ್ರೋಗ್ರಾಂ ತಿದ್ದಲು ಕೂತೆ. ಲೀಡ್ ಬಿಡಲಿಲ್ಲ. "ಮೊದಲು ಗೊಂಬೇನ ತಿದ್ದಿ. ಅದಕ್ಕೂ ಮೊದಲು ಹೋಗಿ ನಿಜವಾದ ಡ್ರೈವರುಗಳು ಹೇಗಿರ್ತಾರೆ ನೋಡ್ಕೊಂಡ್ ಬನ್ನಿ. ಮಿಸ್ಡ್ ಕಾಲ್ ಒಂದೇ ಬಿಟ್ಟಿದೀವೋ, ಇನ್ನೂ ಏನೇನು ಬಿಟ್ಟಿದೀವೋ" ಎಂದರು. ನಿಧಾನದವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ, ಅವರ ಮಾತು ಸರಿಯಾಗಿರುತ್ತದೆ.

ಶನಿವಾರ ಬೆಳಿಗ್ಗೆ ನಾನೂ ಶ್ರೀರಾಂಪುರದವನೂ ಸ್ಟ್ಯಾಂಡಿಗೆ ಹೋದೆವು. ಆಗ ಕಟ್ಟುತ್ತಿದ್ದ ಮೇಲ್ಸೇತುವೆಯ ಕಂಬದ ನೆರಳಿನಲ್ಲಿ ಕಾರುಗಳು ನಿಂತಿದ್ದವು. ಒಬ್ಬ ಸೀಟು ಹಿಂದಕ್ಕೆ ಚಾಚಿ ನಿದ್ದೆ ಹೊಡೆಯುತ್ತಿದ್ದ. ಇನ್ನೊಬ್ಬನ ಫೋನು ಪಕ್ಕದ ಟೀ ಅಂಗಡಿಯಲ್ಲಿ ಚಾರ್ಜಿಗಿತ್ತು, ಅದಕ್ಕೆ ಬಂದ ಮೆಸೇಜಿಗೆ ಟೀ ಅಂಗಡಿಯವನೇ ಮಿಸ್ಡ್ ಕಾಲ್ ಕೊಟ್ಟು ಬಂದು ಅವನಿಗೆ ಹೇಳುತ್ತಿದ್ದ. ಬಾಗಲಕೋಟೆಯಣ್ಣನೂ ಬಂದಿದ್ದ, ಆದರೆ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದ. ಅವನ ಹತ್ತಿರ ಹೋಗಿ ನಿಂತೆ. ಏನೇನೋ ಹೇಳಬೇಕೆಂದು ಬಂದವಳಿಗೆ ಬಾಯಿಂದ ಬಂದದ್ದು ಇಷ್ಟೇ: "ಅಣ್ಣಾ, ತಪ್ಪಾಯ್ತು. ನೀನು ಕೊಟ್ಟ ಉತ್ತರ ನಮಗೆ ಕೇಳಿಸ್ಲೇ ಇಲ್ಲ."

ಅವನು ಎದ್ದು ನಿಂತ. "ಇರ್ಲಿ ಬಿಡ್ರಿ ಅಕ್ಕಾರ. ನಿಮ್ಮ ಡಬ್ಬಿಗೆ ಕಿವಿ ಇಲ್ಲಂತ ನನಗರೆ ಏನ್ ಗೊತ್ತಿತ್ರಿ? ನನ್ನ ಹೆಸರು ಕೆಟ್ಟಿದ್ದ ಒಂದು ಸರಿ ಮಾಡ್ರಿ, ಸಾಕು."

ಒಂದು ಮಿಸ್ಡ್ ಕಾಲ್ ಎಂದರೆ ಬರುತ್ತೇನೆ ಎಂದರ್ಥ ತಾನೇ ಎಂದು ನಾನು ಎಲ್ಲರನ್ನೂ ಕೇಳಿದೆ. ಕೇಳಿದ್ದೇ ತಡ, ಪಂಚಾಯ್ತಿ ಶುರುವಾಯಿತು.

"ಹೌದು ಮೇಡಂ, ಒಂದ್ ರಿಂಗ್ ಅಂದ್ರೆ ಬಂದ್ಬಿಟ್ಟೆ ಅಂತ" ಎಂದ ಒಬ್ಬ ಹಿರಿಯ.

"ಏಯ್ ಮಚ್ಚಾ, ಒಂದ್ ರಿಂಗ್ ಅಂದ್ರೆ ವಾಪಸ್ ಫೋನ್ ಮಾಡು ಅಂತಲ್ವಾ? ನನ್ ಹೆಂಡ್ತಿ ಹಂಗೇ ಮಾಡೋದು" ಎಂದ ಇನ್ನೊಬ್ಬ.

"ನಿನ್ ಹೆಂಡ್ತಿ ವಿಷ್ಯ ಬಿಡು ಗುರು, ಇದು ಕಂಪ್ನಿ ವಿಷ್ಯ. ಎರಡ್ ರಿಂಗ್ ಆದ್ರೆ ವಾಪಸ್ ಮಾಡು ಅಂತ."

"ಎರಡಂದ್ರ ಆಗೂದಿಲ್ಲಂತ ಅಲ್ರಿ?" ಬಾಗಲಕೋಟೆಯಣ್ಣ ಕಲ್ಲು ಬಿಟ್ಟು ಗುಂಪಿನೊಳಗೆ ಬಂದಿದ್ದ.

ಪ್ರತಿಯೊಬ್ಬನಿಗೂ ತನ್ನ ಮನೆಯ ಪದ್ಧತಿಯೇ ಲೋಕದ ಪದ್ಧತಿ. ಜಗಳ ಇನ್ನೇನು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂತು ಎನ್ನುವಾಗ ಶ್ರೀರಾಂಪುರದವನು ಒಂದು ಕಾರಿನ ಬಾನೆಟ್ಟಿಗೆ ಒರಗಿ ಅಧ್ಯಕ್ಷನಾದ. ಎಲ್ಲರಿಗೂ ಟೀ ಹೇಳಿದ, ಕೈ ಎತ್ತಿಸಿದ. ಒಂದು ಕೊಟ್ಟರೆ ಬರುತ್ತೇನೆ, ಎರಡು ಕೊಟ್ಟರೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ಹೆಂಡತಿಯ ಉದಾಹರಣೆ ಕೊಟ್ಟವನು ಮಾತ್ರ, ಮನೆಯಲ್ಲಿ ಒಂದು ಲೆಕ್ಕ, ಸ್ಟ್ಯಾಂಡಿನಲ್ಲಿ ಒಂದು ಲೆಕ್ಕ ಆದರೆ ನಾನೆಲ್ಲಿ ಸಾಯಲಿ ಎಂದು ಕೊನೆಯವರೆಗೂ ಗೊಣಗುತ್ತಿದ್ದ.

ಮಧ್ಯಾಹ್ನ ಆಫೀಸಿಗೆ ಬಂದು ಗೊಂಬೆ ಡ್ರೈವರನ್ನು ಬಿಚ್ಚಿ ಹೊಸದಾಗಿ ಕಟ್ಟಿದೆ. ಈಗ ಅವನು ಮೆಸೇಜು ಮಾಡುವುದಿಲ್ಲ, ಮಿಸ್ಡ್ ಕಾಲ್ ಕೊಡುತ್ತಾನೆ. ಒಮ್ಮೊಮ್ಮೆ ನಿದ್ದೆಯಲ್ಲಿರುತ್ತಾನೆ, ಐದು ನಿಮಿಷ ಕಳೆದ ಮೇಲೆ ಗಾಬರಿಯಿಂದ ಎದ್ದು ಕೊಡುತ್ತಾನೆ. ಒಂದು ಕೊಡಲು ಹೋಗಿ ಕೈತಪ್ಪಿ ಎರಡು ಕೊಡುತ್ತಾನೆ, ಹಾಗಾಗಿ ಎರಡು ಬಂದರೆ ಪ್ರೋಗ್ರಾಂ ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಕೇಳಬೇಕು. ಪ್ರೋಗ್ರಾಂ ಇನ್ನೂ ಹಳೆಯದೇ ಆಗಿದ್ದರಿಂದ ಟೆಸ್ಟು ಓಡಿಸಿದ ಕೂಡಲೇ ಪರದೆಯ ತುಂಬ ಕೆಂಪು. ಆ ಕೆಂಪು ನೋಡಿ ನನಗೆ ಆದ ಸಮಾಧಾನ ಇಷ್ಟು ದಿನದ ಹಸಿರಿನಿಂದ ಆಗಿರಲಿಲ್ಲ. ಕೊನೆಗೂ ಗೊಂಬೆ ನಿಜ ಹೇಳುತ್ತಿತ್ತು. ಭಾನುವಾರವೂ ಬಂದು, ಒಂದೊಂದೇ ಕೆಂಪನ್ನು ಹಸಿರು ಮಾಡುತ್ತ ಹೋದೆವು. ಡಬ್ಬಿಗೆ ಕಿವಿ ಬಂತು.

ಸೋಮವಾರ ಸಾಯಂಕಾಲ ಶ್ರೀರಾಂಪುರದವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಾನು ಆ ಕಂಪನಿಯ ಗೇಟಿಗೇ ಹೋಗಿ ನಿಂತೆ. ಪರದೆಯ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ, ಕಣ್ಣಾರೆ ನೋಡಬೇಕಿತ್ತು. ಟ್ರಾವೆಲ್ಸ್ ಮಾಲೀಕರು ಕೈಕಟ್ಟಿ ನಿಂತಿದ್ದರು. ಕಾರು ಪಡೆಯಬೇಕಾದ ಹೊಸ ಡ್ರೈವರನ್ನೂ ಜೊತೆಗೇ ಕರೆತಂದಿದ್ದರು. ಅದೇ ಲ್ಯಾಪ್‌ಟಾಪ್ ಚೀಲದ ಮೇಡಂ ಹೊರಗೆ ಬಂದು, ಬಸ್‌ಸ್ಟಾಪಿನ ಕಡೆಗೂ ಒಂದು ಕಣ್ಣಿಟ್ಟು ನಿಂತರು. ನನಗೆ ಶ್ರೀರಾಂಪುರದವನ ಫೋನು ಬಂತು.

"ಕೊಟ್ಟ ಕಣೇ! ಒಂದೇ ಒಂದು! ಡಬ್ಬಿ ಹಿಡ್ಕೊಂಡ್ತು!"

ಕಂಬಗಳ ಕಡೆಯಿಂದ ಒಂದು ಬಿಳಿ ಕಾರು ತಿರುಗಿ ಬಂದು ಗೇಟಿನ ಮುಂದೆ ನಿಂತಿತು. ಅದರ ಹಿಂದೆ ನೋಡಿದೆ. ಮಾಲೀಕರೂ ಕತ್ತು ಚಾಚಿ ನೋಡಿದರು. ಸೆಕ್ಯುರಿಟಿಯವನು ಸೀಟಿ ಬಾಯಲ್ಲಿಟ್ಟುಕೊಂಡೇ ಕಾದ. ಇನ್ನೊಂದು ಕಾರು ಬರಲಿಲ್ಲ. ಮೇಡಂ ಹತ್ತಿದರು. ಮಾಲೀಕರು ಹೊಸ ಡ್ರೈವರನ ಹೆಗಲ ಮೇಲೆ ಕೈಯಿಟ್ಟು, "ನಿನಗೆ ಬೇರೆ ಗಾಡಿ ನೋಡೋಣ ಬಾ" ಎಂದು ಕರೆದುಕೊಂಡು ಹೋದರು.

ಬಾಗಲಕೋಟೆಯಣ್ಣ ಕಿಟಕಿಯ ಗಾಜು ಇಳಿಸಿದ. ಏನಾದರೂ ಕೃತಜ್ಞತೆ ಹೇಳುತ್ತಾನೆಂದು ನಾನು ಸಂಕೋಚದಿಂದ ಮುಖ ಸಿದ್ಧಮಾಡಿಕೊಂಡೆ.

"ಅಕ್ಕಾರ, ಮನೀಗಿ ಹೊಂಟೀರೇನ್ರಿ? ಆಕಿಗಿ ಹೇಳಿಬಿಡ್ರಿ, ಇವತ್ತ ಬರೋದು ತಡಾ ಆಗತೈತಂತ. ಮ್ಯಾಲಿಂದ ಮ್ಯಾಲ ಟ್ರಿಪ್ ಅದಾವು."

ಕಾರು ಹೊರಟುಹೋಯಿತು.

ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಗೋಡೆಗೆ ಹಾಕಿದ್ದ ಪಟಗಳು ಕೆಳಗಿಳಿದಿದ್ದವು. ಪಾತ್ರೆಗಳೆಲ್ಲ ಗೋಣಿಚೀಲ ಸೇರಿ, ಬಾಯಿಗೆ ಹುರಿ ಬಿಗಿದಾಗಿತ್ತು. ಆ ಹುಡುಗಿ ಚೀಲಗಳ ನಡುವೆ ಕೂತಿದ್ದಳು. ಅಮ್ಮ ಅವಳ ಪಕ್ಕದಲ್ಲಿ ಕೂತು ಜಡೆ ಹೆಣೆಯುತ್ತಿದ್ದರು. ಇಬ್ಬರೂ ನನ್ನ ಮುಖ ನೋಡಿದರು.

"ಅಣ್ಣ ಹೇಳ್ಕಳ್ಸಿದಾರೆ, ಬರೋದು ತಡ ಆಗುತ್ತಂತೆ" ಎಂದೆ. "ಟ್ರಿಪ್ ಮೇಲೆ ಟ್ರಿಪ್ ಇದೆಯಂತೆ."

ಅವಳು ಅಮ್ಮನ ಕಡೆ ತಿರುಗಿದಳು. "ತಡಾ ಆಗತೈತೇನ್ರಿ?" ಎಂದಳು, ಇನ್ನೊಮ್ಮೆ ಕೇಳಿಸಿಕೊಳ್ಳಬೇಕು ಎನ್ನುವ ಹಾಗೆ. ಅಮ್ಮ ಹೌದೆಂದು ತಲೆಯಾಡಿಸಿದರು.

"ಆಗ್ಲಿ ಬಿಡ್ರಿ" ಎಂದವಳು ಹತ್ತಿರದ ಚೀಲವನ್ನು ಎಳೆದುಕೊಂಡು, ಹುರಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.